ಕರೆಂಟು ದೊಡ್ಡದು, ಸಂಕ ಚಿಕ್ಕದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ತರಗತಿಯಲ್ಲಿ ವರ್ಡ್ ಕ್ಲೌಡ್ ಬಳಸುವುದು ಹೇಗೆ? ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಬರಹದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಅಂತ ಎಣಿಸಿ, ಜಾಸ್ತಿ ಸಲ ಬಂದದ್ದನ್ನು ದಪ್ಪ ಅಕ್ಷರದಲ್ಲಿ, ಕಡಿಮೆ ಬಂದದ್ದನ್ನು ಚಿಕ್ಕ ಅಕ್ಷರದಲ್ಲಿ ಒತ್ತೊತ್ತಾಗಿ ಜೋಡಿಸಿದ ಚಿತ್ರ ಅದು. ಪದಮೋಡ ಅಂತ ಕರೆಯೋಣ. ನಾನು ಮಲೆನಾಡಿನ ಶಾಲೆಗಳಲ್ಲಿ ಕನ್ನಡ ಕಲಿಸಿದವನು. ಅಲ್ಲಿ ಕಂಡದ್ದನ್ನೇ ಇಟ್ಟುಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: 7ನೇ ತರಗತಿಯ ಒಂದು ಪಾಠವನ್ನು ಪದಮೋಡ ಮಾಡಿ ಸ್ಮಾರ್ಟ್ ಬೋರ್ಡಿನಲ್ಲಿ ತೋರಿಸಿದೆ. ಮಕ್ಕಳು "ಚೆನ್ನಾಗಿದೆ ಮಿಸ್" ಅಂದರು. ಆಮೇಲೆ ಏನು ಮಾಡಬೇಕು ಅಂತ ನನಗೇ ತಿಳಿಯಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು. ಇದರಿಂದ ನಿಜಕ್ಕೂ ಏನಾದರೂ ಕಲಿಸಬಹುದಾ ಸರ್?
— ಒಬ್ಬ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕಲಿಸಬಹುದು ಮೇಡಂ. ಆದರೆ ನೀವು ಎಲ್ಲಿ ನಿಲ್ಲಿಸಿದಿರೋ ಪಾಠ ಅಲ್ಲಿಂದ ಶುರುವಾಗಬೇಕಿತ್ತು. ಮೋಡ ಮೂಡಿದ ಮೇಲೆ "ಇದು ಸರಿ ಇದೆಯಾ?" ಅಂತ ಒಂದು ಪ್ರಶ್ನೆ ಕೇಳಿ ನೋಡಿ. ನಾನು ಕಲಿತದ್ದೂ ಹಾಗೆಯೇ.

ಒಂದು ಜುಲೈ ತಿಂಗಳಲ್ಲಿ 8ನೇ ತರಗತಿಯ ಮಕ್ಕಳಿಗೆ "ನಮ್ಮನೆಯ ಮಳೆಗಾಲ" ಅಂತ ಅರ್ಧ ಪುಟ ಬರೆಯಲು ಹೇಳಿದ್ದೆ. 31 ಮಕ್ಕಳು ಬರೆದರು. ಅಷ್ಟನ್ನೂ ನಾನು ರಾತ್ರಿ ಕೂತು ಟೈಪ್ ಮಾಡಿ ಮಾರನೇ ದಿನ ಮೋಡ ಮಾಡಿ ತೋರಿಸಿದೆ. ನಟ್ಟನಡುವೆ ಎಲ್ಲಕ್ಕಿಂತ ದೊಡ್ಡದಾಗಿ ಬಂದ ಪದ ಯಾವುದು ಗೊತ್ತಾ? ಕರೆಂಟು. ಮಳೆ ಎಲ್ಲೋ ಮೂಲೆಯಲ್ಲಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಆ ಕಡೆಯ ಮಕ್ಕಳು ಮಳೆಗಾಲದ ಬಗ್ಗೆಯೇ ಬರೆದಾಗ ಮಳೆ ಅನ್ನುವ ಪದ ಮೂಲೆ ಸೇರಿದರೆ ಏನೋ ತಪ್ಪಿದೆ ಅಂತ ಅರ್ಥ, ಅಲ್ವಾ?

ಮಕ್ಕಳೇ ತಪ್ಪು ಹುಡುಕಿದರು. ಮೊದಲು ಸಿಕ್ಕಿದ್ದು ಕರೆಂಟಿನದು. ಅವರು ಬರೆದದ್ದು "ಕರೆಂಟು ಇಲ್ಲ", "ಮೂರು ದಿನ ಕರೆಂಟು ಬರಲಿಲ್ಲ", "ಕರೆಂಟು ಇರಲೇ ಇಲ್ಲ" ಅಂತ. ಇಲ್ಲ, ಮತ್ತು, ಆದರೆ, ಅದು, ಒಂದು ಇಂಥ ಪದಗಳು ಎಲ್ಲ ಬರಹದಲ್ಲೂ ಬರುತ್ತವೆ ಅಂತ ಎಣಿಸುವಾಗ ತೆಗೆದುಹಾಕುವುದು ವಾಡಿಕೆ, ನಾನೂ ತೆಗೆದಿದ್ದೆ. ಹಾಗಾಗಿ ಕರೆಂಟು ಉಳಿಯಿತು, ಇಲ್ಲ ಹೋಯಿತು. ಹೊರಗಿನವರು ಯಾರಾದರೂ ಆ ಚಿತ್ರ ನೋಡಿದ್ದರೆ ಈ ಊರಲ್ಲಿ ಮಳೆಗಾಲವಿಡೀ ದೀಪ ಉರಿಯುತ್ತದೆ ಅಂದುಕೊಳ್ಳುತ್ತಿದ್ದರು.

ಆಮೇಲೆ ಮಳೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಕನ್ನಡ ಮೇಷ್ಟ್ರುಗಳಿಗೆ ಪದಮೋಡದಿಂದ ಸಿಗುವ ದೊಡ್ಡ ಲಾಭ ಇಲ್ಲೇ ಇದೆ. ಇಂಗ್ಲಿಷಿನಲ್ಲಿ ಮಳೆಗೆ ಇರುವ ಪದ ವಾಕ್ಯದಲ್ಲಿ ಎಲ್ಲಿ ಕೂತರೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಮ್ಮಲ್ಲಿ ಹಾಗಲ್ಲ. ಮಳೆ, ಮಳೆಯನ್ನು, ಮಳೆಯಿಂದ, ಮಳೆಗೆ, ಮಳೆಯ, ಮಳೆಯಲ್ಲಿ. ಯಂತ್ರಕ್ಕೆ ಇವು ಆರು ಬೇರೆ ಬೇರೆ ಪದಗಳು. ಒಂದೇ ಮಳೆ ಆರು ಹೋಳಾಗಿ ಚಿತ್ರದ ತುಂಬ ಚೆಲ್ಲಿಹೋಗಿತ್ತು. "ಇವನ್ನೆಲ್ಲ ಒಂದೇ ಕಡೆ ಸೇರಿಸಿ" ಅಂದೆ. ಮಕ್ಕಳು ಒಂದೊಂದೇ ಪದದ ಬಾಲ ಕತ್ತರಿಸಿದರು. ಆ ಬಾಲವೇ ಅನ್ನು, ಇಂದ, ಗೆ, ಅ, ಅಲ್ಲಿ. ಎಷ್ಟೋ ವರ್ಷದಿಂದ ವಿಭಕ್ತಿ ಪ್ರತ್ಯಯವನ್ನು ಬಾಯಿಪಾಠ ಮಾಡಿಸಿ ಮಾಡಿಸಿ ನನಗೂ ಸಾಕಾಗಿತ್ತು, ಅವರಿಗೂ ಸಾಕಾಗಿತ್ತು. ಆವತ್ತು ಅದು ಏನು ಕೆಲಸ ಮಾಡುತ್ತದೆ ಅಂತ ಅವರ ಕೈಗೇ ಗೊತ್ತಾಯಿತು.

ನಡುವೆ ಒಬ್ಬ ಹುಡುಗಿ "ಸರ್, ಮಳೆಗಾಲ ಎಲ್ಲಿ ಹಾಕೋದು?" ಅಂತ ಕೇಳಿದಳು. ಮಳೆ ಮತ್ತು ಕಾಲ ಸೇರಿ, ಕ ಹೋಗಿ ಗ ಬಂದು ಮಳೆಗಾಲ ಆಗಿದೆ. ಆದೇಶ ಸಂಧಿ. ಅದನ್ನು ಮಳೆಯ ಲೆಕ್ಕಕ್ಕೆ ಸೇರಿಸಬೇಕೋ ಬೇರೆ ಇಡಬೇಕೋ ಅಂತ ಅರ್ಧ ಪೀರಿಯಡ್ ಜಗಳ ಆಯಿತು. ಎರಡು ಗುಂಪೂ ಒಳ್ಳೆಯ ಕಾರಣ ಕೊಟ್ಟಿತು. ನಾನು ತೀರ್ಪು ಹೇಳಲಿಲ್ಲ.

ಇನ್ನೂ ಎರಡು ಸಿಕ್ಕವು. ನಾಟಿ ಅನ್ನುವ ಪದ ಸಾಕಷ್ಟು ದೊಡ್ಡದಾಗಿ ಬಂದಿತ್ತು, ಒಳಗೆ ನೋಡಿದರೆ ಗದ್ದೆಯ ನಾಟಿಯೂ ನಾಟಿ ಕೋಳಿಯೂ ಒಟ್ಟಿಗೆ ಸೇರಿಕೊಂಡಿದ್ದವು. ಇದಕ್ಕೆ ಉಲ್ಟಾ ಆಗಿದ್ದು ಉಂಬಳದ್ದು. ಕೆಲವರು ಉಂಬಳ ಅಂತ, ಕೆಲವರು ಇಂಬಳ ಅಂತ, ಪಾಠದ ಭಾಷೆಯಲ್ಲಿ ಬರೆಯಬೇಕು ಅಂದುಕೊಂಡವರು ಜಿಗಣೆ ಅಂತ ಬರೆದಿದ್ದರು. ಮೂರು ಹೆಸರಲ್ಲಿ ಹಂಚಿಹೋಗಿ ಆ ಹುಳ ಕಣ್ಣಿಗೇ ಬೀಳದಷ್ಟು ಚಿಕ್ಕದಾಗಿತ್ತು. ಕಾಲಿಗೆ ಹತ್ತಿಸಿಕೊಳ್ಳದೆ ಶಾಲೆಗೆ ಬಂದವರು ಆ ತರಗತಿಯಲ್ಲಿ ಯಾರೂ ಇರಲಿಲ್ಲ.

ಕೊನೆಗೆ ಒಂದೇ ಸಲ ಬಂದ ಪದಗಳ ಪಟ್ಟಿ ಓದಿಸಿದೆ. ಅದರಲ್ಲಿ ಸಂಕ ಇತ್ತು. ಹಳ್ಳದ ಮೇಲೆ ಅಡಿಕೆ ಮರ, ಕಾಡುಮರ ಅಡ್ಡ ಹಾಕಿ ಮಾಡಿಕೊಳ್ಳುವ ಕಾಲುದಾರಿ. ಬರೆದ ಹುಡುಗನ ವಾಕ್ಯ ಇಷ್ಟೇ: "ಸಂಕ ದಾಟುವಾಗ ಅಮ್ಮ ಆಚೆ ದಡದಲ್ಲಿ ನಿಂತಿರುತ್ತಾಳೆ." ಅವನ ಮಳೆಗಾಲದಲ್ಲಿ ಅದಕ್ಕಿಂತ ದೊಡ್ಡದು ಬೇರೇನಿದೆ? ಚಿತ್ರದಲ್ಲಿ ಅದು ಇರುವೆಯಷ್ಟಿತ್ತು. ಯಾಕೆ ಅಂತ ಮಕ್ಕಳನ್ನೇ ಕೇಳಿದೆ. "ಅವನೊಬ್ಬನ ಮನೆ ಮಾತ್ರ ಆಚೆ ಇರೋದು ಸರ್" ಅಂದರು. ಜಾಸ್ತಿ ಸಲ ಬಂದದ್ದು ಬೇರೆ, ಮುಖ್ಯವಾದದ್ದು ಬೇರೆ ಅಂತ ನಾನು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ.

ಹಾಗಾಗಿ ಮೇಡಂ, ಮುಂದಿನ ಸಲ ಮೋಡ ತೋರಿಸಿದ ಮೇಲೆ ಒಂದು ಪೂರ್ತಿ ಪೀರಿಯಡ್ ಉಳಿಸಿಕೊಳ್ಳಿ. ಪಾಠದ ಪಠ್ಯಕ್ಕಿಂತ ಮಕ್ಕಳೇ ಬರೆದದ್ದನ್ನು ಹಾಕಿ. ಯಾವ ಪದ ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿರುತ್ತದೆ, ತಪ್ಪು ಹಿಡಿಯುತ್ತಾರೆ.

ಪ್ರಶ್ನೆ: ಇದಕ್ಕೆ "ವರ್ಡಲ್" ಅಂತ ಒಂದು ಒಳ್ಳೆಯ ತಾಣ ಇದೆ ಅಂತ ತರಬೇತಿಯಲ್ಲಿ ಹೇಳಿದ್ದರು. ಹುಡುಕಿದರೆ ಇಂಗ್ಲಿಷಿನ ಐದಕ್ಷರದ ಆಟ ಬರುತ್ತಿದೆ. ನಾನು ತಪ್ಪು ಕೇಳಿಸಿಕೊಂಡೆನಾ?
— ಭದ್ರಾವತಿಯಿಂದ ಒಬ್ಬರು

ಉತ್ತರ: ನೀವು ಕೇಳಿಸಿಕೊಂಡದ್ದು ಸರಿ. ಹೇಳಿದವರ ಮಾಹಿತಿ ಹಳೆಯದು, ಅಷ್ಟೇ. ಐಬಿಎಂ ಕಂಪನಿಯಲ್ಲಿದ್ದ ಜೊನಾಥನ್ ಫೈನ್‌ಬರ್ಗ್ 2008ರಲ್ಲಿ ವರ್ಡಲ್ ಅನ್ನುವ ಪದಮೋಡದ ತಾಣ ಮಾಡಿದರು, ಶಾಲೆಗಳಿಗೆ ಇದು ಹಬ್ಬಿದ್ದು ಅದರಿಂದಲೇ. ಅದು ಬ್ರೌಸರಿನ ಒಳಗೆ ಓಡುವ ಜಾವಾ ಆ್ಯಪ್ಲೆಟ್ ಅನ್ನುವ ಚಿಕ್ಕ ಪ್ರೋಗ್ರಾಮಿನ ಮೇಲೆ ನಡೆಯುತ್ತಿತ್ತು, ಬ್ರೌಸರ್‌ಗಳು ಅದನ್ನು ಕೈಬಿಟ್ಟ ಮೇಲೆ ಅದರ ಕಾಲ ಮುಗಿಯಿತು. ನಿಮಗೆ ಸಿಕ್ಕ ಆಟ ಜಾಶ್ ವಾರ್ಡಲ್ ಅನ್ನುವವರದು, 2021ರಲ್ಲಿ ಬಂತು, 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೊಂಡುಕೊಂಡಿತು. ಇವೆರಡಕ್ಕೂ ಹೆಸರು ಬಿಟ್ಟು ಬೇರೆ ಸಂಬಂಧ ಇಲ್ಲ.

ಪ್ರಶ್ನೆ: ನಮ್ಮದು ಒಂದರಿಂದ ಐದರವರೆಗಿನ ಚಿಕ್ಕ ಶಾಲೆ. 14 ಮಕ್ಕಳು, ಇಬ್ಬರು ಶಿಕ್ಷಕರು. ನೆಟ್‌ವರ್ಕ್ ಬೇಕಂದರೆ ಗುಡ್ಡ ಹತ್ತಬೇಕು. ನಾವು ಇಂಥದ್ದನ್ನೆಲ್ಲ ಮರೆತುಬಿಡುವುದೇ ಒಳ್ಳೆಯದಾ?
— ಹೊಸನಗರ ತಾಲ್ಲೂಕಿನ ಒಬ್ಬ ಶಿಕ್ಷಕರು

ಉತ್ತರ: ದಯವಿಟ್ಟು ಮರೆಯಬೇಡಿ. ನನ್ನ ಮಟ್ಟಿಗೆ ಇದು ನಿಮ್ಮಂಥ ಶಾಲೆಯಲ್ಲೇ ಚೆನ್ನಾಗಿ ನಡೆಯುವುದು. ಕಂಪ್ಯೂಟರ್ ಎಣಿಸಿದರೆ ಎಣಿಸುವ ಕೆಲಸ ಮಕ್ಕಳ ಕೈತಪ್ಪಿಹೋಗುತ್ತದೆ.

ಬೇಕಾದದ್ದು ಹುಣಸೆ ಬೀಜ, ರಟ್ಟಿನ ಚೀಟಿ, ಹಳೆ ಕ್ಯಾಲೆಂಡರ್. ಒಂದು ಕಥೆ ಹೇಳಿ, ಅಥವಾ ಮಕ್ಕಳಿಂದಲೇ ನಿನ್ನೆ ಮನೆಯಲ್ಲಿ ಏನಾಯಿತು ಅಂತ ಹೇಳಿಸಿ. ಬಂದ ಪದಗಳಲ್ಲಿ ಹತ್ತು ಹನ್ನೆರಡನ್ನು ಆರಿಸಿ ಚೀಟಿಯಲ್ಲಿ ಬರೆದು ಜಗಲಿಯ ಮೇಲೆ ಸಾಲಾಗಿ ಇಡಿ. ಮತ್ತೆ ನಿಧಾನವಾಗಿ ಓದಿ. ಪದ ಕೇಳಿದ ತಕ್ಷಣ ಆ ಚೀಟಿ ಹಿಡಿದ ಮಗು ಒಂದು ಬೀಜ ಹಾಕಬೇಕು. ಓದಿ ಮುಗಿಯುವ ಹೊತ್ತಿಗೆ ಎದುರಿಗೆ ಬೀಜದ ಗುಡ್ಡೆಗಳು. ಒಂದನೇ ತರಗತಿಯ ಮಗುವಿಗೂ ಯಾವುದು ಜಾಸ್ತಿ ಅಂತ ಕಾಣುತ್ತದೆ, ಐದನೆಯವರು ಎಣಿಸಿ ಬರೆದುಕೊಳ್ಳುತ್ತಾರೆ. ಆಮೇಲೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಕ್ರೇಯಾನ್ಸಿನಿಂದ ಮೋಡ ಬರೆಯಲಿ.

ಬರೆಯುವಾಗ ಒಂದು ಲೆಕ್ಕ ನೆನಪಿರಲಿ. ಒಂದು ಪದ 3 ಸಲ, ಇನ್ನೊಂದು 12 ಸಲ ಬಂದಿದೆ ಅಂದುಕೊಳ್ಳಿ. ನಾಲ್ಕು ಪಟ್ಟು ಅಂತ ಅಕ್ಷರದ ಎತ್ತರವನ್ನೂ ನಾಲ್ಕು ಪಟ್ಟು ಮಾಡಿದರೆ ಅಗಲವೂ ನಾಲ್ಕು ಪಟ್ಟಾಗುತ್ತದೆ, ಹಾಳೆಯ ಮೇಲೆ ಅದು ಹದಿನಾರು ಪಟ್ಟು ಜಾಗ ತಿನ್ನುತ್ತದೆ. ಎತ್ತರ ಎರಡು ಪಟ್ಟು ಮಾಡಿದರೆ ಸಾಕು, ಜಾಗ ನಾಲ್ಕು ಪಟ್ಟಾಗುತ್ತದೆ. ಚೌಕುಳಿ ಹಾಳೆಯಲ್ಲಿ ಮನೆ ಎಣಿಸಿ ತೋರಿಸಿದರೆ ದೊಡ್ಡ ಮಕ್ಕಳಿಗೆ ವಿಸ್ತೀರ್ಣದ ಪಾಠವೂ ಆಯಿತು.

ನಿಮ್ಮಲ್ಲಿ ಆದದ್ದನ್ನು ಬರೆದು ತಿಳಿಸಿ ಸರ್. ಕಾಯುತ್ತಿರುತ್ತೇನೆ.

ಪ್ರಶ್ನೆ: ನಾನು ಕಂಪ್ಯೂಟರ್ ಕಲಿಸುತ್ತೇನೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕನ್ನಡ ಪದಮೋಡ ಮಾಡಲು ಹೋದರೆ ಬರೀ ಚೌಕಗಳು ಬಂದವು. ಫಾಂಟ್ ಬದಲಾಯಿಸಿದೆ, ಈಗ ಪದಗಳೇ ಮುರಿದು ಬರುತ್ತಿವೆ. ಕನ್ನಡಕ್ಕೆ ಇದು ಆಗುವುದೇ ಇಲ್ಲವಾ?
— ಸಾಗರದ ಓದುಗರು

ಉತ್ತರ: ಆಗುತ್ತದೆ. ನಿಮಗೆ ಬಂದದ್ದು ಎರಡು ಬೇರೆ ಬೇರೆ ತೊಂದರೆ. ಚೌಕಗಳು ಬಂದದ್ದು ಪದಮೋಡ ಮಾಡುವ ಸಿದ್ಧ ಕೋಡಿನ ಕಟ್ಟಾದ ವರ್ಡ್‌ಕ್ಲೌಡ್ ಲೈಬ್ರರಿಯ ಜೊತೆ ಬರುವ ಫಾಂಟಿನಲ್ಲಿ ಕನ್ನಡ ಅಕ್ಷರ ಇಲ್ಲದ್ದರಿಂದ. ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟಿನ ದಾರಿ ಕೊಟ್ಟರೆ ಅದು ಸರಿಹೋಗುತ್ತದೆ, ನೀವು ಮಾಡಿದ್ದೀರಿ.

ಪದ ಮುರಿಯುವುದಕ್ಕೆ ಕಾರಣ ಬೇರೆ. ಪದ ಎಲ್ಲಿಂದ ಎಲ್ಲಿಗೆ ಅಂತ ಗುರುತಿಸುವ ಅದರ ಸೂತ್ರಕ್ಕೆ ಅ, ಕ, ಮ ಇಂಥವು ಅಕ್ಷರ ಅಂತ ಗೊತ್ತು. ಆದರೆ ಕೊಂಬು, ದೀರ್ಘ, ಒತ್ತಕ್ಷರ ಮಾಡುವ ಹಲಂತ (್) ಇವನ್ನು ಅಕ್ಷರ ಅಂತ ಅದು ಒಪ್ಪುವುದಿಲ್ಲ. ಗುಣಿತಾಕ್ಷರ ಬಂದಲ್ಲೆಲ್ಲ ಪದ ಮುಗಿಯಿತು ಅಂದುಕೊಂಡು ಕತ್ತರಿಸುತ್ತದೆ. ಅದಕ್ಕೆ ಎಣಿಕೆಯನ್ನು ಅದರ ಕೈಗೆ ಬಿಡಬೇಡಿ. ಖಾಲಿ ಜಾಗ ನೋಡಿ ನೀವೇ ಪದ ಬೇರೆ ಮಾಡಿ, ಚುಕ್ಕೆ ಅಲ್ಪವಿರಾಮ ತೆಗೆದು, ಪ್ರತ್ಯಯ ಕಳಚಿ, ಇಂಥ ಪದ ಇಷ್ಟು ಸಲ ಅಂತ ಪಟ್ಟಿ ಮಾಡಿ, ಆ ಪಟ್ಟಿಯನ್ನೇ ಕೊಡಿ. ಪಟ್ಟಿಯಿಂದ ಮೋಡ ಮಾಡುವ ಸೌಲಭ್ಯ ಆ ಲೈಬ್ರರಿಯಲ್ಲಿ ಇದೆ. ಆಮೇಲೂ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದರೆ, ಚಿತ್ರ ಬರೆಯುವ ಪಿಲ್ಲೋ ಲೈಬ್ರರಿಗೆ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿಕೊಡುವ ಲಿಬ್‌ರಾಕ್ಮ್ ಸಿಕ್ಕಿಲ್ಲ ಅಂತ ಅರ್ಥ. ಅದನ್ನು ಹಾಕಿಕೊಳ್ಳಿ.

ಇನ್ನೊಂದು ವಿಷಯ. ಶಾಲೆಯ ಹಳೆಯ ಕಡತಗಳು ಸಾಮಾನ್ಯವಾಗಿ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿರುತ್ತವೆ. ತೆರೆಯ ಮೇಲೆ ಕನ್ನಡದ ಹಾಗೆ ಕಂಡರೂ ಒಳಗೆ ಅವು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಮೊದಲು ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಇಷ್ಟೆಲ್ಲ ಯಾಕೆ ಅನ್ನಿಸಿದರೆ, ಪ್ರತ್ಯಯ ಕಳಚುವ ಭಾಗವನ್ನು ಕನ್ನಡ ಮೇಷ್ಟ್ರ ಜೊತೆ ಸೇರಿ ಮಕ್ಕಳಿಂದ ಮಾಡಿಸಿ. ಯಾವ ಬಾಲ ಎಲ್ಲಿ ಕತ್ತರಿಸಬೇಕು ಅಂತ ನಿಯಮ ಬರೆಯುವುದು ಒಳ್ಳೆಯ ಪ್ರೋಗ್ರಾಮಿಂಗ್ ಅಭ್ಯಾಸ. "ಮಳೆಗೆ" ಅನ್ನುವುದರಲ್ಲಿ ಗೆ ಕತ್ತರಿಸಿದ ನಿಯಮ "ನಗೆ" ಅನ್ನುವುದರಲ್ಲೂ ಕತ್ತರಿಸಿ ಬರೀ "ನ" ಉಳಿಸಿದಾಗ ಅವರಿಗೇ ತಲೆಕೆಡುತ್ತದೆ. ಅಲ್ಲಿಂದ ಕಲಿಕೆ ಶುರು.

ಪ್ರಶ್ನೆ: ಪ್ರೌಢಶಾಲೆಯಲ್ಲಿ ವಚನಗಳ ಪಾಠಕ್ಕೆ ಇದನ್ನು ಬಳಸಬಹುದಾ? ಭಾವ ಇರುವ ಬರಹವನ್ನು ಹೀಗೆ ಎಣಿಸುವುದು ಸರಿಯಾ ಅನ್ನುವ ಅಳುಕು ಇದೆ.
— ಶಿಕಾರಿಪುರದ ಕನ್ನಡ ಶಿಕ್ಷಕಿ

ಉತ್ತರ: ಅಳುಕು ಇರಲಿ, ಒಳ್ಳೆಯದೇ. ವಚನ ಓದುವ ಮೊದಲು ಎಣಿಸಬೇಡಿ. ಗಟ್ಟಿಯಾಗಿ ಓದಿ, ಹಾಡಿಸಿ, ಅರ್ಥ ಮಾತಾಡಿ. ಆಮೇಲೆ ಮೋಡ.

ನಿಮ್ಮ ತಾಲ್ಲೂಕಿನಲ್ಲಿ ಇದಕ್ಕೆ ಅರ್ಥವೇ ಬೇರೆ. 12ನೇ ಶತಮಾನದ ಅಕ್ಕಮಹಾದೇವಿಯ ಉಡುತಡಿ, ಅಲ್ಲಮಪ್ರಭುವಿನ ಬಳ್ಳಿಗಾವಿ ಎರಡೂ ಅಲ್ಲೇ ಇವೆ. ಬಸವಣ್ಣ, ಅಕ್ಕ, ಅಲ್ಲಮ ಮೂವರ ಇಪ್ಪತ್ತಿಪ್ಪತ್ತು ವಚನ ತೆಗೆದುಕೊಂಡು ಮೂರು ಮೋಡ ಮಾಡಿ, ಹೆಸರು ಹೇಳದೆ ಗೋಡೆಗೆ ಅಂಟಿಸಿ. ಮಕ್ಕಳು ನೋಡಿದ ತಕ್ಷಣ ಹೇಳುತ್ತಾರೆ. ಯಾಕೆಂದರೆ ವಚನದ ಕೊನೆಗೆ ಬರುವ ಅಂಕಿತವೇ ಎಲ್ಲಕ್ಕಿಂತ ದೊಡ್ಡದಾಗಿರುತ್ತದೆ: ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ. ಅಂಕಿತ ಅಂದರೆ ಏನು ಅಂತ ಇದಕ್ಕಿಂತ ಬೇಗ ತಿಳಿಸುವ ದಾರಿ ನನಗೆ ಕಂಡಿಲ್ಲ. ಸಲ ಅಷ್ಟೇ ಆದರೂ ಚೆನ್ನಮಲ್ಲಿಕಾರ್ಜುನ ಗುಹೇಶ್ವರಕ್ಕಿಂತ ಜಾಸ್ತಿ ಜಾಗ ಹಿಡಿದಿರುವುದನ್ನೂ ತೋರಿಸಿ. ಏಳು ಅಕ್ಷರದ ಪದಕ್ಕೂ ನಾಲ್ಕು ಅಕ್ಷರದ ಪದಕ್ಕೂ ಅಷ್ಟು ವ್ಯತ್ಯಾಸ ಬಂದೇ ಬರುತ್ತದೆ.

ಮಾರನೇ ದಿನ ಅಂಕಿತ ತೆಗೆದು ಮತ್ತೆ ಮಾಡಿ. ಈಗ ಹೇಳಿ ನೋಡೋಣ, ಯಾವುದು ಯಾರದು? ಮಕ್ಕಳು ಮತ್ತೆ ವಚನಗಳ ಹತ್ತಿರ ಹೋಗಬೇಕಾಗುತ್ತದೆ. ಆ ದಿನ ಅವರು ಓದುವ ಓದು ಪರೀಕ್ಷೆಗೆ ಓದುವ ಓದಿಗಿಂತ ಬೇರೆ ಇರುತ್ತದೆ.

ಪ್ರಶ್ನೆ: ನಾನು ಬಿ.ಎಡ್. ವಿದ್ಯಾರ್ಥಿನಿ. ಮಕ್ಕಳು ಮೊಬೈಲಿನಲ್ಲೇ ಪದ ಹಾಕಿದರೆ ಎದುರಿಗೇ ಮೋಡ ಬೆಳೆಯುವ ಮೆಂಟಿಮೀಟರ್ ತರಹದ್ದನ್ನು ವಿಜ್ಞಾನದ ಪಾಠಕ್ಕೆ ಬಳಸಬಹುದಾ?
— ಶಿವಮೊಗ್ಗ

ಉತ್ತರ: ಖಂಡಿತ ಬಳಸಿ. ಪಾಠಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ. "ಅಡಿಕೆ ಮರ ತನ್ನ ಊಟ ಎಲ್ಲಿಂದ ಮಾಡಿಕೊಳ್ಳುತ್ತದೆ?" ಅಂತ ಕೇಳಿ. ನಮ್ಮ ಮಕ್ಕಳು ತೋಟಕ್ಕೆ ಸೊಪ್ಪು, ಕೊಟ್ಟಿಗೆ ಗೊಬ್ಬರ ಹೊತ್ತು ಹಾಕುವುದನ್ನು ನೋಡಿ ಬೆಳೆದವರು. ಗೊಬ್ಬರ, ಮಣ್ಣು, ಬೇರು ಅಂತ ಬರುತ್ತದೆ. ಗಿಡ ಊಟ ತಯಾರಿಸುವುದು ಎಲೆಯಲ್ಲಿ, ಬಿಸಿಲು, ನೀರು ಮತ್ತು ಗಾಳಿಯ ಇಂಗಾಲದ ಡೈ ಆಕ್ಸೈಡ್ ಬಳಸಿಕೊಂಡು. ಗೊಬ್ಬರ ಕೊಡುವುದು ಖನಿಜ ಲವಣ. ಪಾಠ ಮುಗಿದ ಮೇಲೂ ಗೊಬ್ಬರವೇ ದೊಡ್ಡದಾಗಿದ್ದರೆ ಪಾಠ ಇನ್ನೂ ತಲುಪಿಲ್ಲ, ಮಕ್ಕಳನ್ನು ಬೈಯದೆ ನಾಳೆ ಬೇರೆ ದಾರಿಯಲ್ಲಿ ಹೇಳಿ.

ಇಂಥ ಕಡೆ ಹೆಸರಿಲ್ಲದೆ ಪದ ಹಾಕುವುದರಿಂದ ಯಾರಾದರೂ ಇನ್ನೊಬ್ಬರನ್ನು ಅಣಕಿಸಿ ಬರೆಯಬಹುದು. ಮೊದಲೇ ಮಾತಾಡಿಕೊಳ್ಳಿ. ಮತ್ತೆ ಈ ಮೋಡ ನೋಡಿ ಯಾವ ಮಗುವಿಗೂ ಅಂಕ ಕೊಡಬೇಡಿ.

ಪ್ರಶ್ನೆ: ಮಗಳು 9ನೇ ಕ್ಲಾಸು. ಶಾಲೆಯಲ್ಲಿ ಪದ ಎಣಿಸಿ ಬಣ್ಣ ಹಾಕಿಸುತ್ತಾರಂತೆ. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಇದೆಲ್ಲ ಟೈಮ್ ವೇಸ್ಟ್ ಅಲ್ವಾ?
— ಕೊಪ್ಪದ ಒಬ್ಬ ತಂದೆ

ಉತ್ತರ: ಬಣ್ಣ ಹಾಕಿ ಮುಗಿಸಿದರೆ ವೇಸ್ಟೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಒಂದು ಸಣ್ಣ ಕೆಲಸ ಮಾಡಿ. ಇವತ್ತು ಸಂಜೆ ಮಗಳ ಪ್ರಬಂಧದ ನೋಟ್‌ಬುಕ್ ತೆಗೆಸಿ, ಅವಳು ಯಾವ ಪದ ಎಷ್ಟು ಸಲ ಬಳಸಿದ್ದಾಳೆ ಅಂತ ಅವಳಿಂದಲೇ ಎಣಿಸಿ. ನಾನು ನೋಡಿದ ಪ್ರಬಂಧಗಳಲ್ಲಿ "ತುಂಬಾ", "ಬಹಳ ಮುಖ್ಯ", "ಮಹತ್ವ" ಇವೇ ತುಂಬಿರುತ್ತಿದ್ದವು. ತನ್ನ ಬರಹದಲ್ಲಿ "ಮಹತ್ವ" ಹನ್ನೊಂದು ಸಲ ಬಂದಿದೆ ಅಂತ ಸ್ವತಃ ಎಣಿಸಿ ನೋಡಿದ ಮಗು ಮುಂದಿನ ಸಲ ಕೈ ತಡೆದು ಬೇರೆ ಪದ ಹುಡುಕುತ್ತದೆ. ಅದು ಪರೀಕ್ಷೆಗೂ ಬೇಕಾದದ್ದೇ. ಹತ್ತು ನಿಮಿಷದ ಕೆಲಸ, ಜೊತೆಗೆ ಕೂತುಕೊಳ್ಳಿ.

ಪ್ರಶ್ನೆ: ಅಂಕಲ್, ನಮ್ಮ ಕ್ಲಾಸಿನಲ್ಲಿ ಪದಮೋಡ ಮಾಡಿದ್ವಿ. ನಾನು "ಗೊರಬು" ಅಂತ ಬರೆದಿದ್ದೆ. ಅದು ಎಲ್ಲಕ್ಕಿಂತ ಚಿಕ್ಕದಾಗಿ ಬಂತು. ಎಲ್ಲರೂ ಅದೇನು ಅಂತ ನಕ್ಕರು. ನಾನು ಬರೆಯಬಾರದಿತ್ತಾ?
— 7ನೇ ತರಗತಿ, ಶೃಂಗೇರಿ ಹತ್ತಿರದ ಹಳ್ಳಿ

ಉತ್ತರ: ನೀನು ಬರೆದದ್ದು ಸರಿ ಪುಟ್ಟಾ. ಇವತ್ತು ಎಲ್ಲರ ಮನೆಯಲ್ಲೂ ಪ್ಲಾಸ್ಟಿಕ್ ಕೊಪ್ಪೆ, ರೇನ್‌ಕೋಟು ಇದೆ, ಅದಕ್ಕೆ ಗೊರಬು ಬೇರೆ ಯಾರ ಪುಟದಲ್ಲೂ ಬರಲಿಲ್ಲ. ಬಿದಿರಿನ ಕಡ್ಡಿ, ಎಲೆ ಸೇರಿಸಿ ಕಟ್ಟಿದ ಗೊರಬು ಹಾಕಿಕೊಂಡು ಬಗ್ಗಿ ನಾಟಿ ಮಾಡಿದರೆ ಬೆನ್ನು ನೆನೆಯುವುದಿಲ್ಲ, ಎರಡು ಕೈಯೂ ಕೆಲಸಕ್ಕೆ ಸಿಗುತ್ತವೆ. ನಿಮ್ಮ ಅಜ್ಜ ಅಜ್ಜಿಯನ್ನು ಕೇಳು: ಯಾವ ಎಲೆ ಹಾಕುತ್ತಿದ್ದರು, ಕಟ್ಟಲು ಎಷ್ಟು ದಿನ ಬೇಕಿತ್ತು, ಒಂದು ಎಷ್ಟು ಮಳೆಗಾಲ ಬರುತ್ತಿತ್ತು. ಅಟ್ಟದ ಮೇಲೆ ಹಳೆಯದು ಇದ್ದರೆ ಇಳಿಸಿಸಿ ಶಾಲೆಗೆ ತಗೊಂಡು ಹೋಗು. ನನಗೂ ಒಂದು ಪತ್ರ ಬರೆ.